ರೈಕಾರ್ಡ್ ಹೆಸರು ಬಿಟ್ಟು ಬಾರ್ಸಿಲೋನಾ ಕಥೆ ಹೇಳಬೇಡಿ

ಸ್ಪೇನ್‌ನ ಬಾರ್ಸಿಲೋನಾ ಫುಟ್‌ಬಾಲ್ ತಂಡದ ಬಗ್ಗೆ ಯಾರೇ ಬರೆಯಲಿ, ಕಥೆ ಒಂದೇ ಥರ ಇರುತ್ತದೆ. ಕೋಚ್ ಆಗಿ ಕ್ರೈಫ್ ಬೀಜ ಬಿತ್ತಿದ, ಗಾರ್ಡಿಯೋಲಾ ಬೆಳೆ ತೆಗೆದ. ನಡುವೆ ಆ ಹೊಲ ಪಾಳು ಬಿದ್ದಿದ್ದಾಗ ಮತ್ತೆ ಉತ್ತು ಹದಕ್ಕೆ ತಂದವನು ಯಾರು ಅಂತ ಕೇಳಿದರೆ ತುಂಬಾ ಜನರಿಗೆ ಹೆಸರೇ ನೆನಪಾಗುವುದಿಲ್ಲ. ಫ್ರಾಂಕ್ ರೈಕಾರ್ಡ್ ಕಣ್ರೀ, 2003ರಿಂದ 2008ರವರೆಗೆ ಅಲ್ಲಿ ಕೋಚ್ ಆಗಿದ್ದವನು! ನೆನಪಿದ್ದವರೂ "ಓ ಅವನಾ, ರೊನಾಲ್ಡಿನ್ಹೋ ಇದ್ದ, ಅದಕ್ಕೆ ಗೆದ್ದ" ಅಂತ ಆ ತಂಡದ ಬ್ರೆಜಿಲ್ ಆಟಗಾರನ ಹೆಸರು ಹೇಳಿ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಇದು ಅನ್ಯಾಯ ಅಂತ ನನಗೆ ಬಹಳ ದಿನದಿಂದ ಅನ್ನಿಸುತ್ತಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಸ್ವಲ್ಪ ತಾಳ್ಮೆಯಿಂದ ಓದಿ.

ಈ ಮನುಷ್ಯ ಕೋಚ್ ಆಗಿ ಹೇಗಿದ್ದ ಅಂತ ತಿಳಿಯಬೇಕಾದರೆ ಆಟಗಾರನಾಗಿ ಅವನಿಗೆ ಏನೇನಾಯಿತು ಅಂತ ಮೊದಲು ನೋಡಬೇಕು.

ಹುಟ್ಟಿದ್ದು 1962ರ ಸೆಪ್ಟೆಂಬರ್ 30ಕ್ಕೆ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಅಪ್ಪ ಸುರಿನಾಮ್‌ನವರು, ಫುಟ್‌ಬಾಲ್ ಆಡಲಿಕ್ಕೆಂದೇ ನೆದರ್ಲೆಂಡ್ಸ್‌ಗೆ ಬಂದವರು. ರೂಡ್ ಗುಲಿಟ್‌ನ ಅಪ್ಪನೂ ಅಷ್ಟೇ, ಸುರಿನಾಮ್‌ನಿಂದ ಬಂದವರು. ಇಬ್ಬರ ಮಕ್ಕಳೂ ಆಮ್‌ಸ್ಟರ್‌ಡ್ಯಾಮ್‌ನ ಬೀದಿಯಲ್ಲಿ ಜೊತೆಗೇ ಚೆಂಡು ಒದ್ದು ಬೆಳೆದರು. ಮುಂದೆ ಇಬ್ಬರೂ ನೆದರ್ಲೆಂಡ್ಸ್‌ನ ಒಂದೇ ಕಿತ್ತಳೆ ಜೆರ್ಸಿ ಹಾಕಿ ಯುರೋಪ್ ಗೆದ್ದರು, ಇಟಲಿಯ ಮಿಲಾನ್ ಕ್ಲಬ್ಬಿನಲ್ಲೂ ಜೊತೆಯಾದರು.

ಆಮ್‌ಸ್ಟರ್‌ಡ್ಯಾಮ್‌ನ ಅಯಾಕ್ಸ್ ಕ್ಲಬ್ ಪರ ರೈಕಾರ್ಡ್ ಮೊದಲ ಪಂದ್ಯ ಆಡಿದ್ದು 1980ರ ಆಗಸ್ಟ್‌ನಲ್ಲಿ, ಹದಿನೇಳನೇ ವಯಸ್ಸಿನಲ್ಲಿ. ಆ ಪಂದ್ಯದಲ್ಲೇ ಗೋಲು ಹೊಡೆದ. ಆಮೇಲೆ ಲೀಗ್ ಗೆದ್ದ, ಕಪ್ ಗೆದ್ದ, 1987ರಲ್ಲಿ ಅಥೆನ್ಸ್‌ನಲ್ಲಿ ಯುರೋಪ್‌ನ ಕಪ್ ವಿನ್ನರ್ಸ್ ಕಪ್ ಕೂಡ ಗೆದ್ದ. ಆಗ ಅಯಾಕ್ಸ್‌ನ ಕೋಚ್ ಯೋಹಾನ್ ಕ್ರೈಫ್. ಇಲ್ಲೇ ಇರುವುದು ವಿಷಯ.

ಕ್ರೈಫ್ ಎಷ್ಟು ದೊಡ್ಡವನೋ ಅಷ್ಟೇ ಕಷ್ಟದ ಮನುಷ್ಯ. ಮೈದಾನದಲ್ಲಿ ಸುಮ್ಮನಿರುವ ಜಾಯಮಾನವೇ ಅಲ್ಲ. ಅಲ್ಲಿ ನಿಲ್ಲು, ಹೀಗೆ ಓಡು, ಇನ್ನೂ ಜೋರಾಗಿ ಆಡು, ನಾಯಕನ ಹಾಗೆ ಆಡು ಅಂತ ಒಂದೇ ಸಮನೆ ಹೇಳುತ್ತಿದ್ದ. ರೈಕಾರ್ಡ್‌ನಲ್ಲಿ ಇನ್ನೂ ಜಾಸ್ತಿ ಇದೆ ಅನ್ನುವುದು ಅವನ ನಂಬಿಕೆ, ಅದು ತಪ್ಪೇನೂ ಆಗಿರಲಿಲ್ಲ. ಆದರೆ ರೈಕಾರ್ಡ್ ಮೆತ್ತಗಿನ, ಒಳಗೊಳಗೇ ಕುದಿಯುವ ಥರದವನು. 1987ರ ಸೆಪ್ಟೆಂಬರ್‌ನಲ್ಲಿ ಒಂದು ದಿನ ಅಭ್ಯಾಸದ ನಡುವೆಯೇ ಅವನ ಸಹನೆ ಕಟ್ಟೆಯೊಡೆಯಿತು. ಮೈದಾನ ಬಿಟ್ಟು ನಡೆದವನು ಕ್ರೈಫ್ ಕೈಕೆಳಗೆ ಮತ್ತೆಂದೂ ಆಡಲಿಲ್ಲ. ನೆದರ್ಲೆಂಡ್ಸ್‌ನಲ್ಲಿ ಕ್ರೈಫ್ ಅಂದರೆ ದೇವರು. ಅಂಥವನ ಮುಂದೆ ಇಪ್ಪತ್ತನಾಲ್ಕು ವರ್ಷದ ಹುಡುಗ ಸಾಕು ಅಂತ ಹೊರಟುಬಿಟ್ಟ ಅಂದರೆ ಒಳಗೆ ಎಷ್ಟು ಬೆಂದಿರಬೇಕು ಯೋಚಿಸಿ.

ನನ್ನ ಲೆಕ್ಕದಲ್ಲಿ ಕೋಚ್ ರೈಕಾರ್ಡ್ ಹುಟ್ಟಿದ್ದು ಅವತ್ತೇ. ಆಟಗಾರನ ತಲೆ ಮೇಲೆ ಕೂತು ಕೆಲಸ ತೆಗೆಯುವುದು ಹೇಗಿರುತ್ತದೆ, ಅದು ಮನುಷ್ಯನಿಗೆ ಏನು ಮಾಡುತ್ತದೆ ಅಂತ ಅವನು ಅನುಭವಿಸಿ ತಿಳಿದಿದ್ದ. ತಾನು ಕೋಚ್ ಆದಾಗ ಆ ದಾರಿ ಹಿಡಿಯಲೇ ಇಲ್ಲ. ಅದರಿಂದ ಬಂದ ಒಳ್ಳೆಯದೂ ಕೆಟ್ಟದ್ದೂ ಎರಡನ್ನೂ ಅವನೇ ಉಂಡ.

ಆಮೇಲೆ ನಡೆದದ್ದು ವಿಚಿತ್ರ. ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ಬಿಗೆ ಸಹಿ ಹಾಕಿದ, ಆದರೆ ನೋಂದಣಿ ತಡವಾಗಿ ಅಲ್ಲಿ ಆಡಲಾಗಲಿಲ್ಲ. ಸ್ಪೇನ್‌ನ ಸರಗೋಸಾಕ್ಕೆ ಎರವಲು ಹೋದ. ಇನ್ನೇನು ಇವನ ಕಥೆ ದಾರಿ ತಪ್ಪಿತು ಅನ್ನುವಾಗ 1988ರ ಯುರೋ, ಅಂದರೆ ಯುರೋಪ್ ದೇಶಗಳ ಟೂರ್ನಿ, ಬಂತು. ನೆದರ್ಲೆಂಡ್ಸ್ ಕೋಚ್ ರಿನುಸ್ ಮಿಖೆಲ್ಸ್ ಇವನನ್ನು ರೊನಾಲ್ಡ್ ಕೂಮನ್ ಜೊತೆ ಡಿಫೆನ್ಸ್‌ನ ನಡುವೆ ನಿಲ್ಲಿಸಿದ. ಮ್ಯೂನಿಕ್‌ನಲ್ಲಿ ಸೋವಿಯತ್ ಒಕ್ಕೂಟವನ್ನು 2-0 ಅಂತರದಿಂದ ಸೋಲಿಸಿ ಡಚ್ಚರು ಕಪ್ ಎತ್ತಿದರು. ಎಲ್ಲರಿಗೂ ನೆನಪಿರುವುದು ಮಾರ್ಕೊ ವಾನ್ ಬಾಸ್ಟನ್‌ನ ಆ ವಾಲಿ. ಹಿಂದೆ ನಿಂತು ಬಾಗಿಲು ಕಾಯ್ದವನ ನೆನಪು ಯಾರಿಗಿದೆ? ಅವನ ಇಡೀ ಬದುಕೇ ಹೀಗೆ ನೋಡಿ.

ಅದೇ ಬೇಸಿಗೆಯಲ್ಲಿ ಮಿಲಾನ್ ಕರೆಯಿತು. ಅಧ್ಯಕ್ಷ ಬೆರ್ಲುಸ್ಕೋನಿಗೆ ಅರ್ಜೆಂಟೀನಾದ ಬೋರ್ಗಿ ಮೇಲೆ ಮನಸ್ಸಿತ್ತು. ಕೋಚ್ ಅರಿಗೊ ಸಾಕಿ ಮಾತ್ರ ನನಗೆ ರೈಕಾರ್ಡೇ ಬೇಕು ಅಂತ ಪಟ್ಟು ಹಿಡಿದ. ಡಿಫೆಂಡರ್ ಆಗಿದ್ದವನನ್ನು ಮಿಡ್‌ಫೀಲ್ಡ್‌ಗೆ ತಂದು ನಿಲ್ಲಿಸಿದ. ಚೆಂಡು ಕಸಿಯುವುದು, ತಕ್ಷಣ ಮುಂದಕ್ಕೆ ಕೊಡುವುದು, ತಾನೂ ಓಡಿ ಬಾಕ್ಸ್ ಒಳಗೆ ತಲುಪುವುದು, ಮೂರನ್ನೂ ಒಬ್ಬನೇ ಮಾಡುತ್ತಿದ್ದ, ಅದೂ ಯಾವ ಗಡಿಬಿಡಿ ಇಲ್ಲದೆ. ಇವತ್ತು ಇಂಥ ಒಬ್ಬ ಮಿಡ್‌ಫೀಲ್ಡರ್ ಸಿಕ್ಕಿದರೆ ಕ್ಲಬ್ಬುಗಳು ಖಜಾನೆಯನ್ನೇ ಸುರಿಯುತ್ತವೆ. 1989ರಲ್ಲಿ ರೊಮೇನಿಯಾದ ಸ್ಟೆವುವಾ ತಂಡವನ್ನು 4-0 ಅಂತರದಿಂದ ಹೊಡೆದು ಮಿಲಾನ್, ಯುರೋಪ್ ಕ್ಲಬ್ಬುಗಳ ಅತಿ ದೊಡ್ಡ ಟ್ರೋಫಿಯಾದ ಯುರೋಪಿಯನ್ ಕಪ್ ಗೆದ್ದಿತು. ಮರುವರ್ಷ ವಿಯೆನ್ನಾದಲ್ಲಿ ಬೆನ್ಫಿಕಾ ವಿರುದ್ಧ ಫೈನಲ್, 1-0. ಆ ಒಂದು ಗೋಲು ರೈಕಾರ್ಡ್‌ದೇ. ಪಕ್ಕದಲ್ಲಿ ಆಡುತ್ತಿದ್ದವನು ಕಾರ್ಲೊ ಆಂಚೆಲೊಟ್ಟಿ. ಆಟಗಾರನಾಗಿಯೂ ಕೋಚ್ ಆಗಿಯೂ ಈ ಕಪ್ ಗೆದ್ದವರ ಸಣ್ಣ ಪಟ್ಟಿಯಲ್ಲಿ ಮುಂದೆ ಇಬ್ಬರ ಹೆಸರೂ ಸೇರಿತು. ಒಂದೇ ಮಿಡ್‌ಫೀಲ್ಡ್‌ನಿಂದ ಇಬ್ಬರು!

1990ರ ವಿಶ್ವಕಪ್ ವಿಷಯ ಬಿಟ್ಟರೆ ಇದು ಬರೀ ಹೊಗಳಿಕೆ ಆಗುತ್ತದೆ. ಜರ್ಮನಿಯ ರೂಡಿ ಫೋಲರ್ ಮೇಲೆ ಉಗುಳಿದ್ದು ನಿಜ, ಇಬ್ಬರಿಗೂ ರೆಡ್ ಕಾರ್ಡ್ ಸಿಕ್ಕಿದ್ದು ನಿಜ, ಅದೂ ಸಾನ್ ಸಿರೋದಲ್ಲಿ, ತಾನು ದಿನವೂ ಆಡುವ ಮೈದಾನದಲ್ಲಿ. ನಾಚಿಕೆಗೇಡಿನ ಕೆಲಸ, ಅದಕ್ಕೆ ಸಮಜಾಯಿಷಿ ಇಲ್ಲ. ಫೋಲರ್‌ಗಂತೂ ಯಾವ ತಪ್ಪೂ ಮಾಡದೆ ಶಿಕ್ಷೆ ಸಿಕ್ಕಿತು. ಆದರೆ ರೈಕಾರ್ಡ್ ಅವನ ಹತ್ತಿರ ಕ್ಷಮೆ ಕೇಳಿದ, ಫೋಲರ್ ದೊಡ್ಡ ಮನಸ್ಸಿನಿಂದ ಒಪ್ಪಿದ, ಕೆಲವು ವರ್ಷಗಳ ನಂತರ ಇಬ್ಬರೂ ಒಟ್ಟಿಗೆ ಕೂತು ಬೆಣ್ಣೆಯ ಜಾಹೀರಾತೊಂದರಲ್ಲೂ ಕಾಣಿಸಿಕೊಂಡರು. ಒಳಗೊಳಗೇ ಕುದಿಯುವವನು ಅಂದೆನಲ್ಲ, ಆ ಕುದಿ ಎರಡು ಸಲ ಎಲ್ಲರ ಕಣ್ಣೆದುರೇ ಉಕ್ಕಿತು. ಒಂದು ಕ್ರೈಫ್ ಮುಂದೆ, ಇನ್ನೊಂದು ಇಲ್ಲಿ.

1993ರಲ್ಲಿ ಅಯಾಕ್ಸ್‌ಗೆ ವಾಪಸ್ ಬಂದ. ಕೋಚ್ ಲೂಯಿ ವಾನ್ ಗಾಲ್. ಸುತ್ತ ಎಲ್ಲ ಹುಡುಗರು. ಸೀಡಾರ್ಫ್, ಡೇವಿಡ್ಸ್, ಡಿ ಬೂರ್ ಅವಳಿಗಳು, ಓವರ್‌ಮಾರ್ಸ್, ಹದಿನೆಂಟರ ಕ್ಲೈವರ್ಟ್. ಇವರ ನಡುವೆ ಮೂವತ್ತು ದಾಟಿದ ರೈಕಾರ್ಡ್. 1995ರ ಮೇ 24ರಂದು ಚಾಂಪಿಯನ್ಸ್ ಲೀಗ್ (ಯುರೋಪಿಯನ್ ಕಪ್‌ನದೇ ಹೊಸ ಹೆಸರು) ಫೈನಲ್, ಮತ್ತೆ ವಿಯೆನ್ನಾ, ಅದೇ ಮೈದಾನ. ಎದುರಿಗೆ ತನ್ನದೇ ಹಳೇ ಮಿಲಾನ್, ಬರೇಸಿ, ಮಾಲ್ಡಿನಿ, ಕೋಸ್ಟಾಕುರ್ಟಾ ಎಲ್ಲ ಇದ್ದಾರೆ. 85ನೇ ನಿಮಿಷದಲ್ಲಿ ಬಾಕ್ಸ್ ಹತ್ತಿರ ಚೆಂಡು ಸಿಕ್ಕಾಗ ಅನುಭವಿ ಮನುಷ್ಯ ತಾನೇ ಹೊಡೆಯಲು ಹೋಗದೆ ಹುಡುಗ ಕ್ಲೈವರ್ಟ್‌ಗೆ ಕೊಟ್ಟ. ಗೋಲು. 1-0. ಆ ಋತು ಮುಗಿಯುತ್ತಲೇ ಬೂಟು ಕಳಚಿಟ್ಟ.

ಇಷ್ಟು ಗೆದ್ದವನು ಮೂರೇ ವರ್ಷದಲ್ಲಿ ನೆದರ್ಲೆಂಡ್ಸ್ ತಂಡದ ಕೋಚ್ ಆದ. 1998ರ ವಿಶ್ವಕಪ್‌ನಲ್ಲಿ ಗೂಸ್ ಹಿಡ್ಡಿಂಕ್‌ಗೆ ಸಹಾಯಕನಾಗಿದ್ದು ಬಿಟ್ಟರೆ ಬೇರೆ ಅನುಭವವೇ ಇರಲಿಲ್ಲ. ಜನ ಅನುಮಾನ ಪಟ್ಟರು, ಸಹಜವೇ. 2000ದ ಯುರೋ ಅವರ ಸ್ವಂತ ನೆಲದಲ್ಲೂ ಪಕ್ಕದ ಬೆಲ್ಜಿಯಂನಲ್ಲೂ ನಡೆಯಿತು. ಕ್ವಾರ್ಟರ್ ಫೈನಲ್‌ನಲ್ಲಿ ಯುಗೊಸ್ಲಾವಿಯಾಕ್ಕೆ ಆರು ಗೋಲು ಹೊಡೆದರು. 6-1. ಆ ತಂಡದ ಆಟ ನೋಡುವುದೇ ಒಂದು ಸಂತೋಷ. ಸೆಮಿಫೈನಲ್‌ನಲ್ಲಿ ಇಟಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಮೊದಲರ್ಧದಲ್ಲೇ ಇಟಲಿಯ ಜಾಂಬ್ರೊಟ್ಟಾಗೆ ರೆಡ್ ಕಾರ್ಡ್. ಎರಡೂವರೆ ಗಂಟೆ ಹತ್ತಿರ ನಡೆದ ಆ ರಾತ್ರಿಯಲ್ಲಿ ಡಚ್ಚರಿಗೆ ಆಟದೊಳಗೆ ಎರಡು ಪೆನಾಲ್ಟಿ ಸಿಕ್ಕವು, ಒಂದನ್ನು ಟೋಲ್ಡೊ ತಡೆದ, ಇನ್ನೊಂದು ಕಂಬಕ್ಕೆ ಬಡಿಯಿತು. ಶೂಟೌಟ್‌ನಲ್ಲಿ ಇನ್ನೂ ಮೂರು ಹಾಳಾದವು. ಒಟ್ಟು ಆರು ಪೆನಾಲ್ಟಿ, ಒಳಗೆ ಹೋಗಿದ್ದು ಒಂದೇ ಒಂದು.

ಹೇಳಿ, ಇದರಲ್ಲಿ ಕೋಚ್ ಮಾಡಬಹುದಾಗಿದ್ದು ಏನಿತ್ತು? ಹತ್ತು ಜನರ ಎದುರು ಒಂದೂವರೆ ಗಂಟೆ ಆಡಿಯೂ ಗೋಲು ಬರಲಿಲ್ಲ, ಅದು ಅವನ ಲೆಕ್ಕಕ್ಕೆ ಬರುತ್ತದೆ, ಒಪ್ಪುತ್ತೇನೆ. ಆದರೆ ಸೋತ ಆ ರಾತ್ರಿಯೇ ಅವನು ರಾಜೀನಾಮೆ ಕೊಟ್ಟ. ಯಾರ ಮೇಲೂ ಬೆರಳು ತೋರಿಸಲಿಲ್ಲ. ಪೆನಾಲ್ಟಿ ತಪ್ಪಿಸಿದವರನ್ನು ದೂರಲಿಲ್ಲ.

ಮುಂದಿನದು ಅವನ ಬದುಕಿನ ಅತಿ ಕೆಟ್ಟ ವರ್ಷ. ಸ್ಪಾರ್ಟಾ ರೊಟರ್‌ಡ್ಯಾಮ್. 1888ರಲ್ಲಿ ಶುರುವಾದ, ನೆದರ್ಲೆಂಡ್ಸ್‌ನ ಅತಿ ಹಳೆಯ ವೃತ್ತಿಪರ ಕ್ಲಬ್. ಅದರ ಚರಿತ್ರೆಯಲ್ಲೇ ಮೊದಲ ಬಾರಿಗೆ 2002ರಲ್ಲಿ ಮೊದಲ ದರ್ಜೆಯಿಂದ ಕೆಳಗಿಳಿಯಿತು, ಅದೂ ಇವನ ಕೈಯಲ್ಲಿದ್ದಾಗ. ದುಡ್ಡಿಲ್ಲದ ಕ್ಲಬ್, ಬಲವಿಲ್ಲದ ತಂಡ, ಎಲ್ಲ ಸರಿ. ಆದರೂ ಕೋಚ್ ಹೆಸರಿನ ಮುಂದೆ ಇಂಥದ್ದೊಂದು ಬರೆದರೆ ಅಳಿಸಲಾಗುವುದಿಲ್ಲ.

ಈಗ 2003ಕ್ಕೆ ಬನ್ನಿ. ಬಾರ್ಸಿಲೋನಾ ಆಗ ಹೇಗಿತ್ತು ಅಂತ ಇವತ್ತಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. 1999ರ ನಂತರ ಒಂದು ಕಪ್ ಇಲ್ಲ. ಹಿಂದಿನ ಋತುವಿನಲ್ಲಿ ಲೀಗ್‌ನಲ್ಲಿ ಆರನೇ ಸ್ಥಾನ. ಕೋಚ್‌ಗಳು ಬರುತ್ತಿದ್ದರು, ಹೋಗುತ್ತಿದ್ದರು. ಆ ಕಡೆ ರಿಯಲ್ ಮ್ಯಾಡ್ರಿಡ್ ಜಿದಾನ್, ಫೀಗೊ, ರೊನಾಲ್ಡೊ ಆದಮೇಲೆ ಬೆಕಮ್‌ನನ್ನೂ ತಂದು ಕೂರಿಸಿಕೊಂಡಿತ್ತು. ಹೊಸದಾಗಿ ಗೆದ್ದ ಅಧ್ಯಕ್ಷ ಜೋನ್ ಲಪೋರ್ಟಾ, ಒಂದು ಕ್ಲಬ್ಬನ್ನು ಕೆಳಗಿಳಿಸಿ ಬಂದ ರೈಕಾರ್ಡ್‌ನನ್ನು ಕರೆತಂದ. ಈ ಹೆಸರು ಹೇಳಿದವನು ಯಾರು ಗೊತ್ತಾ? ಯೋಹಾನ್ ಕ್ರೈಫ್. ಹದಿನಾರು ವರ್ಷದ ಹಿಂದೆ ತನ್ನ ಮುಖದ ಮೇಲೇ ಸಿಟ್ಟು ಕಾರಿ ಎದ್ದು ಹೋಗಿದ್ದ ಹುಡುಗನ ಹೆಸರನ್ನೇ ಕ್ರೈಫ್ ಸೂಚಿಸಿದ. ಇಬ್ಬರ ಮೇಲೂ ನನ್ನ ಗೌರವ ಹೆಚ್ಚಾಗಿದ್ದು ಇದರಿಂದಲೇ.

ಶುರುವಾತು ಚೆನ್ನಾಗಿರಲಿಲ್ಲ. ಸೆವಿಯಾ ವಿರುದ್ಧ ಮಧ್ಯರಾತ್ರಿ ಹನ್ನೆರಡು ದಾಟಿದ ಮೇಲೆ ಶುರುವಾದ ಆ ಪಂದ್ಯದಲ್ಲಿ ರೊನಾಲ್ಡಿನ್ಹೋ ದೂರದಿಂದ ಹೊಡೆದ ಗೋಲು ನೋಡಿ ಊರೆಲ್ಲ ಕುಣಿದಿತ್ತು, ಆದರೆ ತಂಡ ಕೂಡಿ ಬರಲಿಲ್ಲ. ಡಿಸೆಂಬರ್‌ನಲ್ಲಿ ಮಲಗಾದಲ್ಲಿ 5-1 ಸೋಲು. ಇವನನ್ನು ಓಡಿಸಿ ಅಂತ ಕೂಗು ಎದ್ದಿತು. ಜನವರಿಯಲ್ಲಿ ಯುವೆಂಟಸ್‌ನಿಂದ ಎಡ್ಗರ್ ಡೇವಿಡ್ಸ್ ಎರವಲು ಬಂದ. ಅದೇ 1995ರ ಅಯಾಕ್ಸ್ ಹುಡುಗ. ಅವನು ಹಿಂದೆ ನಿಂತು ಚೆಂಡು ಕಸಿಯುವ ಕೆಲಸ ವಹಿಸಿಕೊಂಡ, ಜಾವಿಗೆ ಮುಂದೆ ಆಡುವ ಬಿಡುವು ಸಿಕ್ಕಿತು. ಅಲ್ಲಿಂದ ತಂಡ ಗೆಲ್ಲುತ್ತಲೇ ಹೋಯಿತು. ರಿಯಲ್ ಮ್ಯಾಡ್ರಿಡ್‌ನ ಮೈದಾನ ಬರ್ನಬೇವುಗೇ ಹೋಗಿ ಅವರನ್ನು ಸೋಲಿಸಿ ಕೊನೆಗೆ ಎರಡನೇ ಸ್ಥಾನ. ವೆಲೆನ್ಸಿಯಾಕ್ಕಿಂತ ಐದೇ ಪಾಯಿಂಟ್ ಹಿಂದೆ. ಕಾಯುವ ಧೈರ್ಯ ಲಪೋರ್ಟಾಗೆ ಇದ್ದದ್ದು ದೊಡ್ಡದು. ಮಲಗಾ ಸೋಲಿನ ನಂತರವೂ ರೈಕಾರ್ಡ್ ಗಾಬರಿಯಾಗದೆ ನಿಂತನಲ್ಲ, ಅದೂ ದೊಡ್ಡದು.

ಮುಂದಿನ ಬೇಸಿಗೆಯಲ್ಲಿ ಎಟೋ, ಡೆಕೊ, ಲಾರ್ಸನ್, ಜ್ಯೂಲಿ, ಎಡ್ಮಿಲ್ಸನ್ ಬಂದರು. 2005ರಲ್ಲಿ ಲೀಗ್, 2006ರಲ್ಲಿ ಮತ್ತೆ ಲೀಗ್. 2005ರ ನವೆಂಬರ್ 19ರಂದು ಬರ್ನಬೇವುನಲ್ಲಿ 3-0, ಮ್ಯಾಡ್ರಿಡ್ ಪ್ರೇಕ್ಷಕರೇ ಎದ್ದು ನಿಂತು ರೊನಾಲ್ಡಿನ್ಹೋಗೆ ಚಪ್ಪಾಳೆ ತಟ್ಟಿದ ದಿನ. ಆ ಚಪ್ಪಾಳೆಯ ವಿಡಿಯೊ ಎಲ್ಲರೂ ಹಂಚುತ್ತಾರೆ. ಆ ತಂಡವನ್ನು ಹಾಗೆ ಆಡಲು ಬಿಟ್ಟವನು ಬೆಂಚಿನ ಹತ್ತಿರ ಸುಮ್ಮನೆ ನಿಂತಿದ್ದ.

"ರೊನಾಲ್ಡಿನ್ಹೋ ಇದ್ದ, ಅದಕ್ಕೆ ಗೆದ್ದ" ಅನ್ನುವವರು 2006ರ ಮೇ 17ರ ಚಾಂಪಿಯನ್ಸ್ ಲೀಗ್ ಪ್ಯಾರಿಸ್ ಫೈನಲ್ ಇನ್ನೊಮ್ಮೆ ನೋಡಬೇಕು. ಎದುರಾಳಿ ಇಂಗ್ಲೆಂಡಿನ ಆರ್ಸೆನಲ್. ಅವರ ಗೋಲಿ ಲೆಮನ್‌ಗೆ ಶುರುವಿನಲ್ಲೇ ರೆಡ್ ಕಾರ್ಡ್, ಆದರೂ ಹತ್ತೇ ಜನ ಆರ್ಸೆನಲ್ ಮೊದಲ ಗೋಲು ಹೊಡೆದರು. ಕಪ್ ಕೈತಪ್ಪುತ್ತಿದೆ. ರೈಕಾರ್ಡ್ ಅರ್ಧ ವಿರಾಮಕ್ಕೆ ಇನಿಯೆಸ್ಟಾನನ್ನು ಇಳಿಸಿದ, ಆಮೇಲೆ ಲಾರ್ಸನ್, ಆಮೇಲೆ ಬೆಲ್ಲೆಟ್ಟಿ. 76ನೇ ನಿಮಿಷ, ಇನಿಯೆಸ್ಟಾ ಕೊಟ್ಟಿದ್ದನ್ನು ಲಾರ್ಸನ್ ಸವರಿ ದಾಟಿಸಿದ, ಎಟೋ ಗೋಲು. 81ನೇ ನಿಮಿಷ, ಮತ್ತೆ ಲಾರ್ಸನ್, ಈ ಸಲ ಬೆಲ್ಲೆಟ್ಟಿ ಗೋಲು. ಬಾರ್ಸಿಲೋನಾ ಪರ ಬೆಲ್ಲೆಟ್ಟಿ ಹೊಡೆದ ಒಂದೇ ಒಂದು ಗೋಲು ಅದು! ಬೆಂಚಿನಿಂದ ಇಳಿಸಿದ ಮೂವರೂ ಸೇರಿ ಫೈನಲ್ ತಿರುಗಿಸಿದರು. ಇದನ್ನು ಅದೃಷ್ಟ ಅನ್ನಬೇಕಾ? 1992ರಲ್ಲಿ ಕ್ರೈಫ್ ಗೆದ್ದುಕೊಟ್ಟ ಮೇಲೆ ಬಾರ್ಸಿಲೋನಾಗೆ ಬಂದ ಎರಡನೇ ಯುರೋಪಿಯನ್ ಕಪ್ ಇದು, ಹದಿನಾಲ್ಕು ವರ್ಷದ ಮೇಲೆ.

ಇನ್ನೊಂದು ವಿಷಯ, ನನಗೆ ಕಪ್‌ಗಳಿಗಿಂತ ಇದೇ ಮುಖ್ಯ. 2004ರ ಅಕ್ಟೋಬರ್ 16ರಂದು ಎಸ್ಪಾನ್ಯೊಲ್ ವಿರುದ್ಧ ಕೊನೆಯ ನಿಮಿಷಗಳಲ್ಲಿ ಹದಿನೇಳರ ಹುಡುಗನೊಬ್ಬನನ್ನು ಲೀಗ್‌ನಲ್ಲಿ ಮೊದಲ ಬಾರಿಗೆ ಇಳಿಸಿದ. ಲಿಯೊನೆಲ್ ಮೆಸ್ಸಿ. ಆಮೇಲೆ ಎಡಗಾಲಿನ ಆ ಹುಡುಗನನ್ನು ಬಲಗಡೆ ನಿಲ್ಲಿಸಿದ, ಒಳಕ್ಕೆ ನುಗ್ಗಿ ಎಡಗಾಲಲ್ಲಿ ಹೊಡೆಯಲಿ ಅಂತ. ಇವತ್ತು ಎಲ್ಲ ತಂಡಗಳೂ ವಿಂಗರ್‌ಗಳನ್ನು ಹೀಗೇ ಆಡಿಸುತ್ತವೆ. ಹುಡುಗನನ್ನು ಅವಸರ ಮಾಡಿ ಸುಡಲಿಲ್ಲ. ಸ್ವಲ್ಪ ಸ್ವಲ್ಪವೇ ಆಡಿಸಿದ, ಗಾಯವಾದಾಗ ಕಾಯಿಸಿದ. ಹಾಗೆ ಕಾಪಾಡಿದ್ದಕ್ಕೆ ಮೆಸ್ಸಿ ಇವತ್ತಿಗೂ ಅವನನ್ನು ಕೃತಜ್ಞತೆಯಿಂದ ನೆನೆಯುತ್ತಾನೆ. ವಾಲ್ಡೆಸ್‌ ಖಾಯಂ ಗೋಲಿ ಆಗಿದ್ದು, ಇನಿಯೆಸ್ಟಾ ಬಲಿತಿದ್ದು, ಪುಯೋಲ್‌ ಕೈಗೆ ನಾಯಕನ ಪಟ್ಟಿ ಬಂದದ್ದು, ಎಲ್ಲ ಇವನ ಕಾಲದಲ್ಲೇ. ಗಾರ್ಡಿಯೋಲಾ 2009ರಲ್ಲಿ ಎಲ್ಲವನ್ನೂ ಗೆದ್ದಾಗ ಬೆನ್ನೆಲುಬಾಗಿದ್ದವರು ಇವರೇ ತಾನೆ?

ಹಾಗಾದರೆ ಬಿದ್ದಿದ್ದು ಹೇಗೆ? ಅದೇ ನಂಬಿಕೆಯಿಂದ. ಆಟಗಾರರನ್ನು ದೊಡ್ಡವರಂತೆ ನೋಡಬೇಕು, ಹಿಂದೆ ಬಿದ್ದು ಕಾಯಬಾರದು ಅನ್ನುವುದು ಅವನ ರೀತಿ. ಹಸಿವಿದ್ದಾಗ ಆ ತಂಡಕ್ಕೆ ಇದು ರೆಕ್ಕೆ ಕೊಟ್ಟಿತು. ಹೊಟ್ಟೆ ತುಂಬಿದ ಮೇಲೆ ಅದೇ ಸಡಿಲವಾಯಿತು. 2006ರಲ್ಲಿ ಸಹಾಯಕ ಹೆಂಕ್ ಟೆನ್ ಕಾಟ ಅಯಾಕ್ಸ್‌ಗೆ ಹೋದ. ಗದರುವ ಕೆಲಸ ಮಾಡುತ್ತಿದ್ದವನು ಅವನು. ಆ ಜಾಗ ಕೊನೆಯವರೆಗೂ ತುಂಬಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ರೊನಾಲ್ಡಿನ್ಹೋ ಮೊದಲಿನ ಹಾಗೆ ಉಳಿಯಲಿಲ್ಲ. 2007ರ ಫೆಬ್ರವರಿಯಲ್ಲಿ ಎಟೋ ಕೊನೆಯ ನಿಮಿಷಗಳಲ್ಲಿ ಮೈದಾನಕ್ಕೆ ಇಳಿಯಲು ಒಪ್ಪಲಿಲ್ಲ ಅಂತ ಗಲಾಟೆಯಾಯಿತು, ಆಮೇಲೆ ಎಟೋ ಜನರ ಮುಂದೆಯೇ ಸಿಟ್ಟು ತೋಡಿಕೊಂಡ. ಆ ಜೂನ್‌ನಲ್ಲಿ ಎಸ್ಪಾನ್ಯೊಲ್‌ನ ತಮೂಡೊ ಕೊನೆಯ ಗಳಿಗೆಯಲ್ಲಿ ಹೊಡೆದ ಗೋಲಿನಿಂದ ಲೀಗ್ ಕೈಬಿಟ್ಟಿತು. ಬಾರ್ಸಿಲೋನಾ, ಮ್ಯಾಡ್ರಿಡ್ ಎರಡಕ್ಕೂ 76 ಪಾಯಿಂಟ್, ಪರಸ್ಪರ ಪಂದ್ಯಗಳ ಲೆಕ್ಕದಲ್ಲಿ ಮ್ಯಾಡ್ರಿಡ್ ಗೆದ್ದಿತು. 2008ರಲ್ಲಿ ಮೂರನೇ ಸ್ಥಾನ. ಮೇ 7ಕ್ಕೆ ಬರ್ನಬೇವುನಲ್ಲಿ ಚಾಂಪಿಯನ್ ಮ್ಯಾಡ್ರಿಡ್‌ಗೆ ಸಾಲಾಗಿ ನಿಂತು ಚಪ್ಪಾಳೆ ತಟ್ಟಿ, ಆಮೇಲೆ 4-1 ಸೋತರು. ಮರುದಿನ ಗಾರ್ಡಿಯೋಲಾ ಹೆಸರು ಘೋಷಣೆಯಾಯಿತು.

ಬದಲಾವಣೆ ಬೇಕಾಗಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆ ಡ್ರೆಸ್ಸಿಂಗ್ ರೂಮ್‌ಗೆ ಬಿಗಿ ಬೇಕಿತ್ತು, ಗಾರ್ಡಿಯೋಲಾ ಕೊಟ್ಟ. ಆದರೆ ಕೊನೆಯ ಎರಡು ವರ್ಷ ನೋಡಿ ಮೊದಲ ಮೂರು ವರ್ಷವನ್ನು ಒರೆಸಿ ಹಾಕುವುದು ಯಾವ ನ್ಯಾಯ? ನಗುವುದನ್ನೇ ಮರೆತಿದ್ದ ತಂಡ ಅದು. ಅದಕ್ಕೆ ಮತ್ತೆ ನಗು ತಂದವನು ಇವನು. ಗದರಿ, ಹೆದರಿಸಿ ಇದನ್ನು ಮಾಡಲಾಗುತ್ತಿರಲಿಲ್ಲ.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. 2009ರಲ್ಲಿ ಟರ್ಕಿಯ ಗಲಾಟಸರೇ, ಮರುವರ್ಷ ಅಕ್ಟೋಬರ್‌ಗೆ ಮುಗಿಯಿತು. 2011ರಲ್ಲಿ ಸೌದಿ ಅರೇಬಿಯಾ, ವಿಶ್ವಕಪ್‌ಗೆ ಅರ್ಹತೆ ಸಿಗಲಿಲ್ಲ, 2013ರ ಜನವರಿಯಲ್ಲಿ ಅದೂ ಮುಗಿಯಿತು. ಅಮೆರಿಕದ ಫ್ಲಾರಿಡಾದಲ್ಲಿ ಒಂದು ಅಕಾಡೆಮಿಯ ಮಕ್ಕಳ ಜೊತೆ ಸ್ವಲ್ಪ ಕಾಲ ಇದ್ದ. ಐವತ್ತರ ಆಸುಪಾಸಿನಲ್ಲೇ ಇನ್ನು ಕೋಚಿಂಗ್ ಬೇಡ ಅಂತ ನಿರ್ಧರಿಸಿದ, ಆ ಮಾತಿಗೆ ಗಟ್ಟಿಯಾಗಿ ನಿಂತ. ಚಾಂಪಿಯನ್ಸ್ ಲೀಗ್ ಗೆದ್ದ ಕೋಚ್‌ಗೆ ಕರೆಗಳೇ ಬಂದಿರಲಿಲ್ಲ ಅಂತ ನಾನು ನಂಬುವುದಿಲ್ಲ. ಜನ ಇದನ್ನು ಸೋಲು ಅಂತಾರೆ. ನನಗೆ ಹಾಗೆ ಕಾಣುವುದಿಲ್ಲ. ಮನಸ್ಸಿಲ್ಲದ ಕಡೆ ದುಡ್ಡಿಗಾಗಿ ಕೂತಿರದೆ ಎದ್ದು ಹೋಗುವ ಸ್ವಭಾವ 1987ರಿಂದಲೂ ಅವನಲ್ಲಿತ್ತು.

ಕೊನೆಗೆ ನಮ್ಮೂರಿನ ಮಾತು. ಬಿಎಫ್‌ಸಿ, ಅಂದರೆ ಬೆಂಗಳೂರು ಫುಟ್‌ಬಾಲ್ ಕ್ಲಬ್ ಅಭಿಮಾನಿಗಳಿಗೆ ಆಲ್ಬರ್ಟ್ ರೋಕಾ ಗೊತ್ತಲ್ಲ? 2016ರಲ್ಲಿ ಕಂಠೀರವದಲ್ಲಿ ಮಲೇಷ್ಯಾದ ಜೊಹೋರ್ ತಂಡವನ್ನು 3-1 ಅಂತರದಿಂದ ಸೋಲಿಸಿ ಬೆಂಗಳೂರು ಏಷ್ಯಾದ ಕ್ಲಬ್ಬುಗಳ ಟೂರ್ನಿ ಎಎಫ್‌ಸಿ ಕಪ್‌ನ ಫೈನಲ್ ತಲುಪಿತು. ಭಾರತದ ಯಾವ ಕ್ಲಬ್ಬೂ ಅದಕ್ಕೆ ಮೊದಲು ಅಲ್ಲಿಗೆ ಹೋಗಿರಲಿಲ್ಲ. ಆ ತಂಡದ ಕೋಚ್ ರೋಕಾ. ಬಾರ್ಸಿಲೋನಾದಲ್ಲಿ ರೈಕಾರ್ಡ್ ಬಳಗದಲ್ಲಿದ್ದವನು, ಗಲಾಟಸರೇಗೂ ಸೌದಿಗೂ ಅವನ ಜೊತೆಗೇ ಹೋದವನು. ರೋಕಾಗೆ ಸಹಾಯಕನಾಗಿ ಬಂದ ಕಾರ್ಲೆಸ್ ಕ್ವಾಡ್ರಾಟ್ ಕೂಡ ಗಲಾಟಸರೇನಲ್ಲಿ ರೈಕಾರ್ಡ್ ಜೊತೆ ಕೆಲಸ ಮಾಡಿದ್ದವನೇ. ಅದೇ ಕ್ವಾಡ್ರಾಟ್ 2019ರಲ್ಲಿ ನಮಗೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕಪ್ ಗೆದ್ದುಕೊಟ್ಟ. ಕಂಠೀರವದಲ್ಲಿ ಕೂತು ನಾವು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ ಆ ಆಟದಲ್ಲಿ ರೈಕಾರ್ಡ್‌ನ ಬಳಗದಲ್ಲಿ ಕಲಿತದ್ದೂ ಸ್ವಲ್ಪ ಇತ್ತು ಅಂತ ನಾನು ನಂಬುತ್ತೇನೆ.

ಆದ್ದರಿಂದ ಮುಂದಿನ ಸಲ ಬಾರ್ಸಿಲೋನಾ ಬಗ್ಗೆ ಬರೆಯುವವರು 2003ರಿಂದ 2008ರ ಆ ಐದು ವರ್ಷಕ್ಕೆ ಒಂದು ಪ್ಯಾರಾನಾದರೂ ಕೊಡಿ. ಪ್ಯಾರಿಸ್ ಫೈನಲ್‌ನ ಎರಡನೇ ಅರ್ಧ ಪೂರ್ತಿ ನೋಡದವರು ಈ ವಾರಾಂತ್ಯ ನೋಡಿ, ಆ ಮೂರು ಬದಲಾವಣೆಗಳ ಬಗ್ಗೆ ನಿಮಗೇನನ್ನಿಸಿತು ಅಂತ ಕಾಮೆಂಟ್‌ನಲ್ಲಿ ಬರೆಯಿರಿ. ನಾನು ಹೇಳಿದ್ದು ಜಾಸ್ತಿ ಆಯಿತು ಅನ್ನಿಸಿದರೆ ಅದನ್ನೂ ಬರೆಯಿರಿ, ವಾದ ಮಾಡೋಣ.